ಏಳು ಜನಕ್ಕೆ ಒಂದೇ ಎದೆಬಡಿತ

ಅತ್ತಿಗೆಯ ಮನೆಯ ಸಾಮಾನು ಕೋಣೆಯೊಳಗೆ ಒಂದು ವಿಶ್ವವಿದ್ಯಾಲಯ ನಡೆಯುತ್ತಿತ್ತು. ಸದ್ದು ಹೀರಿಕೊಳ್ಳಲೆಂದು ಗೋಡೆಗೆ ಮೂರು ಹಳೆಯ ರಜಾಯಿ, ಪಾಠದ ಮೇಜೆಂದು ಇಸ್ತ್ರಿ ಹಲಗೆ, ಮುಖಕ್ಕೆ ಬೆಳಕು ಬೀಳಲೆಂದು ಓದುವ ದೀಪಕ್ಕೆ ಅಂಟಿಸಿದ ಬಿಳಿ ಕಾಗದ. ಕ್ಯಾಮೆರಾಗೆ ಕಾಣುವಷ್ಟು ಜಾಗ ಮಾತ್ರ ಅಚ್ಚುಕಟ್ಟು. ಅದರ ಕಣ್ಣು ಒಂದು ಗೇಣು ಎಡಕ್ಕೆ ಹೊರಳಿದರೆ ಈರುಳ್ಳಿ ಚೀಲ, ಬಲಕ್ಕೆ ಹೊರಳಿದರೆ ಅಣ್ಣನ ಒಣಗದ ಚಡ್ಡಿ. ಇವೆರಡರ ನಡುವೆ, ಸೊಂಟದ ಮೇಲೆ ಗರಿಗರಿ ಅಂಗಿ, ಸೊಂಟದ ಕೆಳಗೆ ಮಾಸಿದ ಪೈಜಾಮ ತೊಟ್ಟು, ಕರೆಂಟ್ ಮೇಷ್ಟ್ರು ನೂರ ಎಂಬತ್ತು ಜನರಿಗೆ 'ದೇಹದೊಳಗಿನ ವಿದ್ಯುತ್ತು' ಎಂಬ ಹನ್ನೆರಡು ವಾರದ ಆನ್‌ಲೈನ್ ಕೋರ್ಸ್ ನಡೆಸುತ್ತಿದ್ದ.

ಮೇಷ್ಟ್ರು ಅಂದರೆ ಕನ್ನಡಕ, ಕೆಮ್ಮು, ಬಹುವಚನ ಎಂದೆಲ್ಲ ಅಂದುಕೊಳ್ಳಬೇಕಿಲ್ಲ. ಇವನಿಗೆ ಇಪ್ಪತ್ತಾರು. ಪಾಠ ಸಿದ್ಧಪಡಿಸುವವರು ಪ್ರೊಫೆಸರ್ ಮೇಡಂ. ಅದನ್ನು ಹೇಳುವುದು, ಅಭ್ಯಾಸ ಕೊಡುವುದು, ತಿದ್ದುವುದು, ಬೈಸಿಕೊಳ್ಳುವುದು ಇವನ ಪಾಲಿನ ಕೆಲಸ. ಮೊದಲನೇ ದಿನವೇ ಹೀರೋ ಎಂಟ್ರಿ ಕೊಟ್ಟಿದ್ದ. ದೀಪ ಆರಿಸಿ, ಕತ್ತಲಲ್ಲಿ ಎರಡು ಸೆಕೆಂಡು ಸುಮ್ಮನಿದ್ದು, ಪಟ್ಟನೆ ಹಾಕಿ ಹೇಳಿದ್ದ:

"ಎದೆ ಮೇಲೆ ಕೈ ಇಟ್ಕೊಳ್ಳಿ. ಒಳಗೊಬ್ಬ ಇದಾನೆ. ನೀವು ಹುಟ್ಟೋಕ್ಕಿಂತ ಮುಂಚೇನೇ ಡ್ಯೂಟಿಗೆ ಬಂದೋನು. ಇವತ್ತಿನವರೆಗೂ ಒಂದಿನ ರಜಾ ಕೇಳಿಲ್ಲ, ಸಂಬಳ ಕೇಳಿಲ್ಲ. ಅವನೇನಾದ್ರೂ ರಜಾ ಹಾಕಿದ ಅಂದ್ರೆ... ನಿಮ್ ಪಿಕ್ಚರ್ ಇಂಟರ್‌ವಲ್ಲಲ್ಲೇ ಮುಗೀತು!"

ನೂರ ಎಂಬತ್ತು ಜನ ಚಪ್ಪಾಳೆಯ ಚಿತ್ರ ಕಳಿಸಿದ್ದರು. ಕರೆಂಟ್ ಎಂಬ ಹೆಸರು ಅವತ್ತೇ ಅಂಟಿತು.

ವಿದ್ಯಾರ್ಥಿಗಳ ಮನೆಗೆ ಅಂಚೆಯಲ್ಲಿ ಒಂದೊಂದು ಡಬ್ಬಿ ಹೋಗಿತ್ತು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಮೂರು ವೈರು, ಒಂದು ಪೊಟ್ಟಣ ಸ್ಟಿಕರು. ಎರಡನ್ನು ಹೆಗಲ ಕೆಳಗೆ, ಒಂದನ್ನು ಎಡಪಕ್ಕೆಯ ಕೆಳಗೆ ಅಂಟಿಸಿಕೊಂಡು ಅರ್ಧ ನಿಮಿಷ ಕಲ್ಲಿನಂತೆ ಕೂತರೆ ಎದೆಬಡಿತದ ಗೆರೆ ಲ್ಯಾಪ್‌ಟಾಪಿನಲ್ಲಿ ಮೂಡುತ್ತಿತ್ತು. ಅದನ್ನು ಕಳಿಸಬೇಕು. ಅಂಕ ಕೊಡುವುದು ಕರೆಂಟೇ ಬರೆದ ಒಂದು ಪ್ರೋಗ್ರಾಮು. ಗೆರೆ ಸ್ವಚ್ಛವಾಗಿದ್ದರೆ ಹತ್ತಕ್ಕೆ ಹತ್ತು. ಅಲುಗಾಡಿ ಕಲಸುಮೇಲೋಗರವಾಗಿದ್ದರೆ ವಾಪಸ್. ಮೈಯ ಗುಟ್ಟು ಯಾರಿಗೂ ತಿಳಿಯಬಾರದೆಂದು ವಿಶ್ವವಿದ್ಯಾಲಯ ಯಾರ ಹೆಸರನ್ನೂ ಕೋರ್ಸಿನವರಿಗೆ ಕೊಟ್ಟಿರಲಿಲ್ಲ. ಪ್ರತಿಯೊಬ್ಬರಿಗೂ ಒಂದು ನಂಬರು. ನಂಬರಿನ ಹಿಂದಿರುವ ಹೆಸರು, ಫೋನು, ವಿಳಾಸವೆಲ್ಲ ಆಫೀಸಿನ ಒಂದು ಸಮಿತಿಯ ಬೀರುವಿನಲ್ಲಿ.

ಎರಡನೇ ವಾರ ಕರೆಂಟ್ ಒಂದು ತರಲೆ ಮಾಡಿದ್ದ. ನಾಲ್ಕು ಜನ ಒಂದೇ ಉತ್ತರವನ್ನು ಅಕ್ಷರ ಬಿಡದೆ ನಕಲು ಹೊಡೆದಿದ್ದರು. ಅವನು ಗಂಭೀರ ಮುಖ ಹೊತ್ತು ಘೋಷಿಸಿದ: "ಒಂದು ಉತ್ತರ ನೋಡಿ ಮೇಡಂ ಕಣ್ಣಲ್ಲಿ ನೀರು ಬಂತು. ಬಹುಮಾನ ಇದೆ. ಬರೆದ ಪ್ರತಿಭೆ ಯಾರು, ಕೈ ಎತ್ತಿ." ನಾಲ್ಕು ಕೈ ಎದ್ದವು. ನಾಲ್ಕಕ್ಕೂ ಸೊನ್ನೆ. ಮೇಲಿಂದ ಒಂದು ಡೈಲಾಗು: "ಬಲೆ ಹಾಕೋದು ನನ್ ಹವ್ಯಾಸ. ಬಂದ್ ಬೀಳೋದು ನಿಮ್ ಅಭ್ಯಾಸ!" ಅವತ್ತು ರಾತ್ರಿ ಊಟದ ಹೊತ್ತಿಗೆ ಅಣ್ಣ-ಅತ್ತಿಗೆಯ ಮುಂದೆ ಅವನು ಅದನ್ನು ಮೂರು ಸಲ ಅಭಿನಯಿಸಿ ತೋರಿಸಿದ್ದ.

ಐದನೇ ವಾರದ ಒಂದು ಮಧ್ಯಾಹ್ನ, ನಕಲು ಹಿಡಿಯುವ ಪ್ರೋಗ್ರಾಮು ಕೆಂಪು ದೀಪ ತೋರಿಸಿತು. ಏಳು ನಂಬರುಗಳಿಂದ ಬಂದ ಎದೆಬಡಿತ ಒಂದೇ.

"ಅತ್ತಿಗೇ, ಬನ್ನಿ ಬನ್ನಿ! ಏಳು ಕೋಳಿ ಒಟ್ಟಿಗೇ ಬಂದು ಬಿದ್ದಿವೆ. ಎದೆಬಡಿತಾನೂ ಕಾಪಿ ಹೊಡೀತಾರೆ ಅಂದ್ರೆ ಏನ್ ಕಾಲ ಬಂತು!"

ಅತ್ತಿಗೆ ಈರುಳ್ಳಿಗೆಂದು ಬಂದವಳು ಬಾಗಿಲಲ್ಲೇ ನಿಂತಳು. "ನೀನು ಓದುವಾಗ ಏನ್ ಮಾಡ್ತಿದ್ದೆ ಅಂತ ನಿಮ್ಮಣ್ಣ ಎಲ್ಲಾ ಹೇಳಿದಾರೆ. ಬಾಯಿ ಮುಚ್ಕೊಂಡು ಕೆಲ್ಸ ನೋಡು."

ಅವನು ನಗುತ್ತಲೇ ಗೆರೆಯನ್ನು ದೊಡ್ಡದು ಮಾಡಿದ. ಎಲ್ಲ ಸರಿಯಾಗಿಯೇ ಇತ್ತು. ಮೊದಲು ಪುಟ್ಟ ಗುಡ್ಡ, ಆಮೇಲೆ ಎತ್ತರದ ಗೋಪುರ, ಅದರ ಹಿಂದೆ ಅಗಲವಾದ ಇನ್ನೊಂದು ಗುಡ್ಡ. ಮತ್ತೆ ಅದೇ. ಮತ್ತೆ ಅದೇ. ಹದಿನೆಂಟನೇ ಸೆಕೆಂಡಿಗೆ ಬಂದಾಗ ಪುಟ್ಟ ಗುಡ್ಡ ಬಂತು, ಗೋಪುರ ಬರಲಿಲ್ಲ. ಇನ್ನೊಂದು ಪುಟ್ಟ ಗುಡ್ಡ. ಗೋಪುರವಿಲ್ಲ. ಮೂರು, ನಾಲ್ಕು, ಐದು. ನಾಲ್ಕು ಸೆಕೆಂಡು ಕಳೆದ ಮೇಲೆ, ಮರೆತಿದ್ದವರಿಗೆ ಯಾರೋ ನೆನಪಿಸಿದಂತೆ, ಗೋಪುರ ಎದ್ದಿತು. ಇಪ್ಪತ್ತಾರರಲ್ಲಿ ಮತ್ತೊಮ್ಮೆ ಹಾಗೆಯೇ, ಮೂರು ಸೆಕೆಂಡು.

ಅವನ ಮುಖದಿಂದ ನಗು ಜಾರಿದ್ದನ್ನು ಅತ್ತಿಗೆ ನೋಡಿದಳು. "ಏನಾಯ್ತೋ?"

"ಹೃದಯದಲ್ಲಿ ಮಹಡಿ ಮನೆ ಒಂದು, ಕೆಳಗಿನ ಮನೆ ಒಂದು ಇದೆ ಅಂದ್ಕೊಳ್ಳಿ ಅತ್ತಿಗೆ. ಮೇಲಿನೋರು ಕುಟ್ಟಿದ್ರೆ ಕೆಳಗಿನೋರು ರಕ್ತ ದಬ್ಬಬೇಕು. ಇಲ್ಲಿ ಮೇಲಿನೋರು ಕುಟ್ತಾನೇ ಇದಾರೆ, ಕೆಳಗಿನೋರಿಗೆ ಕೇಳಿಸ್ತಿಲ್ಲ. ನಾಲ್ಕು ಸೆಕೆಂಡು ರಕ್ತಾನೇ ಹೋಗಿಲ್ಲ."

"ಯಾರದ್ದು ಇದು?"

ಏಳು ನಂಬರುಗಳು ಪರದೆಯ ಮೇಲೆ ಸಾಲಾಗಿ ಕೂತಿದ್ದವು. ಏಳಕ್ಕೂ ಅವನ ಪ್ರೋಗ್ರಾಮು ಹತ್ತಕ್ಕೆ ಹತ್ತು ಕೊಟ್ಟಿತ್ತು. ಸ್ವಚ್ಛವಾದ ಗೆರೆ, ಭೇಷ್ ಎಂದೂ ಬರೆದಿತ್ತು.

ಪ್ರೊಫೆಸರ್ ಮೇಡಂಗೆ ಫೋನು ಹಚ್ಚಿದ. ಅವರು ಯಂತ್ರಗಳ ಕಡೆಯವರು, ವೈದ್ಯರಲ್ಲ. "ಸ್ಟಿಕರ್ ಬಿಟ್ಕೊಂಡಿರುತ್ತೆ ಕಣಪ್ಪಾ" ಎಂದರು.

"ಸ್ಟಿಕರ್ ಬಿಟ್ಟಿದ್ರೆ ಪುಟ್ಟ ಗುಡ್ಡಾನೂ ಹೋಗ್ಬೇಕಿತ್ತು ಮೇಡಂ. ಅವು ಟೈಮಿಗೆ ಸರಿಯಾಗಿ ಬರ್ತಾ ಇವೆ."

ಮೇಡಂ ಗೆರೆಯನ್ನು ಕಳಿಸಲು ಹೇಳಿ, ಪರಿಚಯದ ಹೃದಯದ ಡಾಕ್ಟರಿಗೆ ದಾಟಿಸಿದರು. ಹತ್ತೇ ನಿಮಿಷದಲ್ಲಿ ಉತ್ತರ ಬಂತು: 'ಈ ವ್ಯಕ್ತಿ ಯಾರು? ಇವತ್ತೇ ಆಸ್ಪತ್ರೆಗೆ ಬರಬೇಕು. ನಿಂತಲ್ಲೇ ಬೀಳಬಹುದು. ಬಿದ್ದವರು ಏಳದೇ ಇರಲೂಬಹುದು.'

ಕರೆಂಟ್ ಆಫೀಸಿಗೆ ಫೋನು ಮಾಡಿದ. ಅಲ್ಲಿನ ಗುಮಾಸ್ತರು ಒಳ್ಳೆಯವರೇ, ಸಮಾಧಾನದಿಂದ ಕೇಳಿಸಿಕೊಂಡರು. "ಯಾವ ನಂಬರಿನ ಹೆಸರು ಬೇಕು?"

"ಏಳು."

"ಏಳರಲ್ಲಿ ಯಾರಿಗೆ ಕಾಯಿಲೆ?"

"ಗೊತ್ತಿಲ್ಲ. ಅದಕ್ಕೇ ಕೇಳ್ತಿರೋದು."

"ಹಾಗಾದ್ರೆ ಆರು ಜನ ಆರೋಗ್ಯವಂತರ ಗುಟ್ಟು ಸುಮ್‌ಸುಮ್ನೆ ಬಯಲಾಗುತ್ತಲ್ಲಾ ಸರ್. ಅರ್ಜಿ ಹಾಕಿ. ಸಮಿತಿ ಕೂಡಬೇಕು. ಮೂರು ದಿನ ಹಿಡಿಯುತ್ತೆ. ಒಬ್ರೇ ಅಂತ ಖಾತ್ರಿ ಆದ್ರೆ ಹೇಳಿ, ಅಧ್ಯಕ್ಷರನ್ನ ಹುಡುಕಿ ಸಹಿ ಹಾಕಿಸ್ತೀನಿ."

ಇನ್ನು ಉಳಿದದ್ದು ಒಂದೇ ದಾರಿ, ನಂಬರಿಗೇ ಬರೆಯಬಹುದಾದ ಕೋರ್ಸಿನ ಆನ್‌ಲೈನ್ ಸಂದೇಶ. ಏಳು ಜನರಿಗೂ ಬರೆದ: 'ಈ ರೆಕಾರ್ಡಿಂಗ್ ನಿಮ್ಮದೇನಾ? ದಯವಿಟ್ಟು ನಿಜ ಹೇಳಿ.' ಅರ್ಧ ಗಂಟೆಯಲ್ಲಿ ಏಳು ಉತ್ತರ. ಏಳರದ್ದೂ 'ನಂದೇ ಸರ್.' ಒಬ್ಬ 'ಅಮ್ಮನಾಣೆ' ಎಂದು ಸೇರಿಸಿದ್ದ. ಇನ್ನೊಬ್ಬಳು 'ಹುಟ್ಟಿದಾಗಿಂದ ನಂದೇ' ಎಂದಿದ್ದಳು.

ಮತ್ತೆ ಬರೆದ: 'ಇದರಲ್ಲಿ ದೊಡ್ಡ ತೊಂದರೆ ಕಾಣಿಸುತ್ತಿದೆ. ನಿಮ್ಮದಾದರೆ ಈಗಲೇ ಆಸ್ಪತ್ರೆಗೆ ಹೊರಡಿ.' ಈ ಸಲ ಇನ್ನೂ ಬೇಗ ಬಂತು. 'ನಂದಲ್ಲ ಸರ್.' 'ಯಾವ ಫೈಲು ಸರ್?' 'ಅದು ತಾನಾಗೇ ಅಪ್‌ಲೋಡ್ ಆಗಿದೆ.' ಒಬ್ಬ ಮಾತ್ರ ಕೇಳಿದ್ದ: 'ಸರ್, ಇದು ಹೋದ ಸಲದ ಬಹುಮಾನದ ಥರಾನಾ?'

ಕರೆಂಟ್ ಆ ಕೊನೆಯ ಸಾಲನ್ನು ನೋಡುತ್ತ ಕೂತ. ಆಮೇಲೆ ಮೂರನೇ ಸಲ ಬರೆದ: 'ಬಲೆ ಅಲ್ಲ, ನಾಟಕ ಅಲ್ಲ. ನಕಲು ಮಾಡಿದ್ದರೂ ಅಂಕ ಕಡಿಮೆ ಮಾಡೋದಿಲ್ಲ. ಅಸಲಿ ಯಾರದ್ದು, ಅಷ್ಟು ಹೇಳಿದರೆ ಪೂರ್ತಿ ಹತ್ತು ಕೊಡುತ್ತೇನೆ.' ಬಂದ ಉತ್ತರ ಒಂಬತ್ತು. ಏಳು ಜನರದ್ದೂ 'ನಂದೇ', ಜೊತೆಗೆ ಸುದ್ದಿ ತಿಳಿದು ಓಡಿಬಂದ, ಈ ಏಳರಲ್ಲಿ ಇಲ್ಲವೇ ಇಲ್ಲದ ಇಬ್ಬರದ್ದೂ 'ನಂದೇ'.

ಹೊರಗೆ ಅಡುಗೆಮನೆಯ ನೆಲ ಒರೆಸುತ್ತಿದ್ದ ಅತ್ತಿಗೆಯ ಮುಂದೆ ಫೋನು ಹಿಡಿದು ನಿಂತ. ಅವಳು ಒಂದೊಂದಾಗಿ ಓದಿದಳು. ನಗು ಬಂತು, ತಡೆದುಕೊಂಡಳು.

"ನೀನೇ ಹೇಳ್ಕೊಟ್ಟಿದ್ದಲ್ವೇನೋ ಮೈದ್ನಾ? ನಿನ್ ಮಾತು ನಂಬಿದ್ರೆ ಸೊನ್ನೆ ಅಂತ."

"ಅತ್ತಿಗೆ, ಯಾರೋ ಸಾಯ್ತಾರೆ."

"ಅದಕ್ಕೇ ಹೇಳ್ತಿದೀನಿ. ಬರೆಯೋದು ಬಿಡು. ಏಳೂ ಜನಾನ ಎದುರಿಗೇ ಕೂರ್ಸು. ಕಣ್ಮುಂದೇನೇ ಸ್ಟಿಕರ್ ಅಂಟಿಸ್ಕೊಳ್ಳಲಿ. ಯಾರೆದೆ ನಿಲ್ಲುತ್ತೋ ಅವರು ತಾನಾಗೇ ಸಿಕ್ತಾರೆ."

ಅವನು ಅವಳ ಕಾಲಿಗೆ ಬೀಳಲು ಬಗ್ಗಿದ. "ಒರೆಸಿದ್ ನೆಲ, ತುಳೀಬೇಡ" ಎಂದಳು.

ಮರುದಿನ ಮೂರು ಗಂಟೆಗೆ ಏಳೂ ಜನ ವಿಡಿಯೊ ಕರೆಗೆ ಬಂದರು. ಬರದಿದ್ದರೆ ಕೋರ್ಸಿನಿಂದಲೇ ಹೊರಗೆ ಎಂದು ಮೇಡಂ ಖುದ್ದು ಬರೆದಿದ್ದರು. ಏಳು ಚೌಕ, ಏಳು ಮುಖ, ಕೆಳಗೆ ನಂಬರು. ೮೮ರ ಮಡಿಲಲ್ಲಿ ಮಗು. ೧೩೧ ಯಾವುದೋ ಹಾಸ್ಟೆಲ್ಲಿನ ಮೇಲಿನ ಮಂಚದಲ್ಲಿ, ತಲೆ ಎತ್ತಿದರೆ ಸೂರಿಗೆ ತಗಲುವಂತೆ ಕುಗ್ಗಿ ಕೂತಿದ್ದ. ೧೭೦ ನಿಲ್ಲಿಸಿದ ಕಾರಿನೊಳಗೆ. ೧೨ ಒಂದು ಸೆಕೆಂಡೂ ಕೂತಲ್ಲಿ ಕೂರದ ಹುಡುಗ. ಕೂದಲು ಕೆರೆದ, ಕುರ್ಚಿ ತಿರುಗಿಸಿದ, ಗೋಡೆಯ ಗಡಿಯಾರ ನೋಡಿದ.

"ಸರ್, ಇದರದ್ದು ಎಷ್ಟು ಮಾರ್ಕ್ಸು?" ಎಂದಿತು ಕಾರು.

"ಮಾರ್ಕ್ಸ್ ಇಲ್ಲಪ್ಪಾ. ಅಂಟಿಸ್ಕೊಳ್ಳಿ."

ಏಳು ಗೆರೆಗಳು ಅವನ ಪರದೆಯ ಮೇಲೆ ಒಂದರ ಕೆಳಗೊಂದು ಓಡತೊಡಗಿದವು. ಪುಟ್ಟ ಗುಡ್ಡ, ಗೋಪುರ, ಗುಡ್ಡ. ಅವನು ಬೆರಳಿಟ್ಟು ಎಣಿಸಿದ. ಒಂದು ನಿಮಿಷ, ಎರಡು, ಐದು. ಎಲ್ಲೂ ನಿಲ್ಲಲಿಲ್ಲ. ೧೨ರದ್ದು ಮಾತ್ರ ಅವನ ಅಲುಗಾಟಕ್ಕೆ ನಡುಗುತ್ತಿತ್ತು, ಆದರೆ ಒಂದೂ ಗೋಪುರ ತಪ್ಪಿರಲಿಲ್ಲ. ನಿನ್ನೆಯ ಗೆರೆಯನ್ನು ಪಕ್ಕದಲ್ಲಿಟ್ಟು ನೋಡಿದ. ನಿನ್ನೆಯ ಗೋಪುರದ ಬಲಗಡೆ ಇಳಿಜಾರಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ಈ ಏಳು ಗೋಪುರಗಳಲ್ಲಿ ಒಂದಕ್ಕೂ ಅದಿರಲಿಲ್ಲ.

ಅಂದರೆ ಅದು ಇವರ್‍ಯಾರದ್ದೂ ಅಲ್ಲ.

ಬೇರೆ ದಿನವಾಗಿದ್ದರೆ ಇಲ್ಲೊಂದು ಡೈಲಾಗು ಬೀಳುತ್ತಿತ್ತು. ಹಿನ್ನೆಲೆ ಸಂಗೀತವನ್ನೂ ಅವನೇ ಬಾಯಲ್ಲಿ ಬಾರಿಸುತ್ತಿದ್ದ. ಇವತ್ತು ಅವನು ಕ್ಯಾಮೆರಾದ ಹತ್ತಿರಕ್ಕೆ ಬಗ್ಗಿದ.

"ನೋಡಿ," ಎಂದ. "ನಾನು ನಿಮ್ಮನ್ನ ಒಂದ್ಸಲ ಬಲೆಗೆ ಹಾಕಿದೆ. ತಪ್ಪು ಮಾಡಿದೆ. ಈಗ ನನ್ನ ಹತ್ರ ಬಲೆನೂ ಇಲ್ಲ, ಏನೂ ಇಲ್ಲ. ಎಂಟನೇದು ಯಾರದ್ದೋ ಎದೆ ಇದೆ. ಅದು ನಾಲ್ಕು ಸೆಕೆಂಡು ನಿಂತು ನಿಂತು ನಡೀತಾ ಇದೆ. ಅವರಿಗೆ ಗೊತ್ತಿಲ್ಲ. ನಿಮ್ಮಲ್ಲಿ ಒಬ್ಬರಿಗೆ ಅವರು ಗೊತ್ತು. ಅಷ್ಟೇ. ಕೈ ಮುಗೀತೀನಿ."

ನಿಜವಾಗಿಯೂ ಕೈ ಮುಗಿದ. ೮೮ ಮಗುವನ್ನು ಹೆಗಲಿಗೆ ಹಾಕಿಕೊಂಡು ಮೊದಲು ಬಾಯಿ ಬಿಟ್ಟಳು. "ನಮ್ ಚಾಟ್ ಗುಂಪಲ್ಲಿ ಬಂತು ಸರ್. ಕ್ಲೀನಾಗಿದೆ, ಪಾಸ್ ಆಗುತ್ತೆ, ತಗೊಳ್ಳಿ ಅಂತ ಚಡಪಡಿಕೆ ಅನ್ನೋನು ಹಾಕಿದ್ದ."

"ಚಡಪಡಿಕೆ ಯಾರು?"

ಯಾರೂ ಹೇಳಬೇಕಾಗಲಿಲ್ಲ. ೧೨ ಕುರ್ಚಿ ತಿರುಗಿಸುವುದನ್ನು ನಿಲ್ಲಿಸಿದ್ದ. ಅವನ ಗೆರೆ ಮೊದಲ ಸಲ ನಡುಕವಿಲ್ಲದೆ ಸ್ವಚ್ಛವಾಗಿ ಓಡಿತು, ಆದರೆ ಗೋಪುರಗಳು ಹತ್ತಿರ ಹತ್ತಿರ ಬಂದವು.

"ಸರ್, ನಂದು ಮೂರು ಸಲ ವಾಪಸ್ ಬಂತು ಸರ್. ಅಲುಗಾಡಬೇಡಿ, ಅಲುಗಾಡಬೇಡಿ ಅಂತಾನೇ ಬರ್ತಿತ್ತು. ಅಕ್ಕ ಡ್ಯೂಟಿ ಮುಗಿಸಿ ಬಂದು ಅಲ್ಲೇ ಮಲಗಿದ್ಲು. ಸುಸ್ತಾಗಿ ಹಂಗೇ ಬಿದ್ಕೊಂಡಿದ್ಲು ಸರ್, ಒಂಚೂರೂ ಅಲುಗಾಡ್ತಿರ್ಲಿಲ್ಲ. ಅವಳಿಗೇ ಅಂಟಿಸಿಬಿಟ್ಟೆ."

"ಅಕ್ಕ ಈಗ ಎಲ್ಲಿದಾರೆ?"

"ಇಲ್ಲೇ ಇದಾಳೆ. ಡ್ಯೂಟಿಗೆ ಹೊರಟಿದಾಳೆ."

"ಕರಿ! ಮೊದಲು ಕರಿಯೋ!"

ಪರದೆಯೊಳಗೆ ಒಬ್ಬ ಹೆಂಗಸು ಬಂದು ಬಗ್ಗಿದಳು. ಮೂವತ್ತರ ಆಸುಪಾಸು, ಸಮವಸ್ತ್ರದ ನೀಲಿ ಅಂಗಿ, ಹಲ್ಲಿನ ನಡುವೆ ಕ್ಲಿಪ್ಪು ಕಚ್ಚಿಕೊಂಡು ಕೂದಲು ಕಟ್ಟುತ್ತಿದ್ದಳು. ಕ್ಲಿಪ್ಪು ತೆಗೆದು ನಕ್ಕಳು.

"ಓ, ಕರೆಂಟ್ ಸರ್ ಅಂದ್ರೆ ನೀವೇನಾ? ದಿನಾ ನಿಮ್ ಡೈಲಾಗ್ ಹೇಳಿ ನಮ್ ತಲೆ ತಿಂತಾನೆ. ಇವನಿಗೆ ಸೊನ್ನೆ ಹಾಕ್ಬೇಡಿ, ನಾನೇ ಮಲಗಿದ್ದು, ತಪ್ಪು ನಂದೇ."

"ಸೊನ್ನೆ ವಿಷಯ ಅಲ್ಲ ಅಕ್ಕ. ನೀವು ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು." ಕರೆಂಟ್ ಅಚ್ಚು ಹಾಕಿಸಿದ್ದ ಗೆರೆಯ ಕಾಗದವನ್ನು ಕ್ಯಾಮೆರಾಗೆ ಹಿಡಿದ. "ನಿಮ್ಮ ಹೃದಯ ನಡುನಡುವೆ ನಿಂತ್ಕೊಳ್ತಾ ಇದೆ."

ಅವಳು ತಮ್ಮನ ಮುಖ ನೋಡಿದಳು, ಮತ್ತೆ ಪರದೆ ನೋಡಿದಳು. "ನಿಂತೋಗೋ ಹೃದಯ ಆಗಿದ್ರೆ ನಾನು ಹೀಗೆ ನಿಂತ್ಕೊಂಡು ಮಾತಾಡ್ತಿದ್ನಾ ಸರ್?"

"ಕಣ್ಣು ಕತ್ತಲೆ ಬರುತ್ತಾ ನಿಮಗೆ?"

ಕ್ಲಿಪ್ಪು ಸಿಕ್ಕಿಸುತ್ತಿದ್ದ ಕೈ ಒಂದು ಗಳಿಗೆ ನಿಂತಿತು. "ಮೊನ್ನೆ ಮೆಟ್ಲು ಹತ್ತುವಾಗ ಒಂದ್ಸಲ ಬಂತು. ಬೆಳಿಗ್ಗೆ ಏನೂ ತಿಂದಿರ್ಲಿಲ್ಲ."

"ಏನ್ ಡ್ಯೂಟಿ ಅಕ್ಕ ನಿಮ್ಮದು?"

"ಬಸ್ ಓಡಿಸ್ತೀನಿ. ಟೌನ್ ಬಸ್ಸು. ನಾಲ್ಕಕ್ಕೆ ಹೊರಡುತ್ತೆ."

ಮಗು ಕುಂಯ್ ಎಂದಿತು. ೮೮ ಅದರ ಬಾಯಿಗೆ ಬೆರಳು ಕೊಟ್ಟಳು. ಕರೆಂಟ್ ಇಸ್ತ್ರಿ ಹಲಗೆಯ ಅಂಚು ಹಿಡಿದುಕೊಂಡ.

"ಎಷ್ಟು ಜನ ಇರ್ತಾರೆ ಬಸ್ಸಲ್ಲಿ?"

"ಕೂತೋರು ನಲವತ್ತು. ನಿಂತೋರ ಲೆಕ್ಕ ಯಾರಿಗ್ ಗೊತ್ತು." ಹೇಳಿ ಮುಗಿಸುವಷ್ಟರಲ್ಲಿ ಅವನು ಏಕೆ ಕೇಳಿದನೆಂದು ಅವಳಿಗೆ ಹೊಳೆಯಿತು. ಮುಖ ಸಣ್ಣದಾಯಿತು. ಎದೆಯ ಮೇಲೆ ಅಂಗೈ ಇಟ್ಟುಕೊಂಡಳು, ಅಲ್ಲಿ ಏನಾದರೂ ಕೇಳಿಸುತ್ತದೋ ಎಂಬಂತೆ. ಸರಿಯಾಗಿಯೇ ಬಡಿಯುತ್ತಿತ್ತೇನೋ. ಕೈ ತೆಗೆದಳು.

"ಆಯ್ತು ಸರ್. ನಾಳೆ ತೋರಿಸ್ತೀನಿ. ನಾಳೆ ನಂಗೆ ರಜಾ. ಇವತ್ತು ಬದಲಿ ಡ್ರೈವರ್ ಇಲ್ಲ. ನಾನ್ ಹೋಗ್ದಿದ್ರೆ ಸ್ಟಾಪಲ್ಲಿ ಜನ ಕಾಯ್ತಾ ನಿಂತಿರ್ತಾರೆ."

"ನಾಳೆ ಅಲ್ಲ ಅಕ್ಕ, ಇವತ್ತು. ಡಾಕ್ಟ್ರು ನಿನ್ನೇನೇ ಬರ್ಬೇಕಿತ್ತು ಅಂದಿದಾರೆ. ಒಂದ್ ಐದು ನಿಮಿಷ ಕೂತ್ಕೊಳ್ಳಿ, ನಾನು ಅವರನ್ನೇ ಲೈನಿಗೆ ಕರೀತೀನಿ, ಅವರೇ ಹೇಳ್ತಾರೆ..."

"ಐದು ನಿಮಿಷ ಕೂತ್ರೆ ಡಿಪೋಲಿ ಮೆಮೊ ಕೊಡ್ತಾರೆ." ಅವಳು ಆಗಲೇ ನೆಟ್ಟಗೆ ನಿಂತಿದ್ದಳು, ಪರದೆಯಲ್ಲಿ ಈಗ ನೀಲಿ ಅಂಗಿಯ ಗುಂಡಿಗಳು ಮಾತ್ರ. "ನೀವು ಒಳ್ಳೆಯೋರು ಸರ್. ನಾಳೆ ಖಂಡಿತ." ಚೀಲದ ಪಟ್ಟಿ ಹೆಗಲಿಗೇರಿತು. ಗುಂಡಿಗಳೂ ಸರಿದವು. ಎಲ್ಲೋ ಬಾಗಿಲು ತೆರೆದ ಸದ್ದು.

"ಅಕ್ಕಾ! ಒಂದ್ ನಿಮಿಷ! ಅಕ್ಕಾ!"

ಅವನು ಕೂಗಿದ್ದಕ್ಕೆ ರಜಾಯಿಗಳು ಅಲುಗಿದವು, ಅತ್ತಿಗೆ ಓಡಿ ಬಂದಳು. ಅಲ್ಲಿ ಆ ಮನೆಯಲ್ಲಿ ಬಾಗಿಲು ಮುಚ್ಚಿಕೊಂಡಿತು. ಹುಡುಗ ಬಾಯಿ ತೆರೆದುಕೊಂಡು ಕೂತೇ ಇದ್ದ.

"ಏನೋ ನೋಡ್ತಿದೀಯಾ? ಓಡೋ! ಕಾಲಾದ್ರೂ ಹಿಡ್ಕೋ, ಕೀ ಆದ್ರೂ ಕಿತ್ಕೋ, ಬಸ್ ಹತ್ತೋಕೆ ಬಿಡಬೇಡ!" ಕರೆಂಟ್ ಅವನಿಗೆ ಕೂಗಿದ.

೧೨ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಕಾಲುಗಳು ಕಂಡವು, ಆಮೇಲೆ ಖಾಲಿ ಕೋಣೆ, ತೆರೆದ ಬಾಗಿಲು, ಗೋಡೆಯಲ್ಲಿ ಮೂರೂ ಇಪ್ಪತ್ತು ತೋರಿಸುವ ಗಡಿಯಾರ. ಸ್ಟಿಕರುಗಳನ್ನು ಅವನು ಕಿತ್ತಿರಲಿಲ್ಲ. ಡಬ್ಬಿ ಅವನ ಜೇಬಿನಲ್ಲೇ ಹೋಗಿತ್ತು. ಪರದೆಯಲ್ಲಿ ಅವನ ಗೆರೆ ಹುಚ್ಚೆದ್ದು ಕುಣಿಯಿತು. ಗೋಪುರಗಳು ಒಂದರ ಮೇಲೊಂದು ಬಿದ್ದವು, ಮೆಟ್ಟಿಲು ಮೆಟ್ಟಿಲಿಗೂ ಜಿಗಿದವು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಹತ್ತು ಹನ್ನೆರಡು ಮೆಟ್ಟಿಲು ಇಳಿದಿರಬೇಕು. ಗೆರೆ ಫಕ್ಕನೆ ತುಂಡಾಯಿತು. 'ಸಾಧನ ದೂರ ಹೋಗಿದೆ' ಎಂಬ ಅಕ್ಷರಗಳು ಬಂದವು.

ಆಗ ಕರೆಂಟಿಗೆ ನೆನಪಾಯಿತು. ಬಸ್ಸಿನ ನಂಬರು ಕೇಳಿರಲಿಲ್ಲ. ಯಾವ ಡಿಪೋ, ಕೇಳಿರಲಿಲ್ಲ. ಅವಳ ಫೋನ್ ನಂಬರು, ಹೆಸರು, ಯಾವುದನ್ನೂ ಕೇಳಿರಲಿಲ್ಲ. ಮಾತಾಡಲು ಸಿಕ್ಕಿದ್ದ ಎರಡು ನಿಮಿಷದಲ್ಲಿ ನಂಬಿ ನಂಬಿ ಎಂದು ಅಂಗಲಾಚಿದ್ದೊಂದೇ.

"ಯಾರಿಗಾದ್ರೂ ಅವನ ಮನೆ ಗೊತ್ತಾ? ಯಾವ ಊರು? ಫೋನ್ ನಂಬರ್?"

"ಇಲ್ಲ ಸರ್," ಎಂದ ಮೇಲಿನ ಮಂಚದವನು. "ಗುಂಪಲ್ಲಿ ಅವನ ಹೆಸರು ಚಡಪಡಿಕೆ ಅಂತ ಅಷ್ಟೇ. ಅಲ್ಲಿ ಯಾರ ಫೋನ್ ನಂಬರೂ ಯಾರಿಗೂ ಕಾಣ್ಸಲ್ಲ."

"ಗುಂಪಲ್ಲಿ ಮೆಸೇಜ್ ಹಾಕಿದೆ ಸರ್," ಎಂದಳು ೮೮. ಹಾಕಿದ ಮರುಕ್ಷಣವೇ, ಖಾಲಿ ಕೋಣೆಯ ಮೇಜಿನ ಮೇಲೆ ಹುಡುಗ ಬಿಟ್ಟುಹೋದ ಫೋನು 'ಟಿಂಗ್' ಎಂದದ್ದು ಎಲ್ಲರಿಗೂ ಕೇಳಿಸಿತು.

ಅತ್ತಿಗೆ ತನ್ನ ಫೋನಿನಿಂದ ಆಫೀಸಿಗೆ ಹಚ್ಚಿ ಅವನ ಕೈಗೆ ಕೊಟ್ಟಳು. "ಒಬ್ರೇ ಸರ್, ಈಗ ಒಬ್ರೇ! ಹನ್ನೆರಡು! ವಿಳಾಸ ಕೊಡಿ, ಫೋನ್ ಕೊಡಿ, ಏನಾದ್ರೂ ಕೊಡಿ!"

"ಅಧ್ಯಕ್ಷರು ಮೀಟಿಂಗಲ್ಲಿದಾರೆ ಸರ್. ನಾನೇ ಹೋಗಿ ಬಾಗಿಲು ಬಡೀತೀನಿ. ಲೈನಲ್ಲೇ ಇರಿ, ಕಟ್ ಮಾಡ್ಬೇಡಿ."

ಗುಮಾಸ್ತರ ಚಪ್ಪಲಿಯ ಸದ್ದು ದೂರವಾಯಿತು. ಫೋನಿನಲ್ಲಿ ಟುಯ್ ಟುಯ್ ಎಂಬ ಕಾಯುವ ಸಂಗೀತ ಶುರುವಾಯಿತು. ಆರು ಜನರಲ್ಲಿ ಒಬ್ಬರೂ ಹೋಗಲಿಲ್ಲ. ಕಾರಿನವನು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟಿದ್ದ. ಅವರ ಆರು ಗೆರೆಗಳು ಮಾತ್ರ ಓಡುತ್ತಿದ್ದವು. ನಿಮಿಷಕ್ಕೆ ಎಂಬತ್ತರಲ್ಲಿದ್ದವು ನೂರು ದಾಟಿದವು, ನೂರಹತ್ತು, ನೂರಿಪ್ಪತ್ತು. ಆರು ಆರೋಗ್ಯವಂತ ಹೃದಯಗಳು, ಕೂತಲ್ಲೇ ಕೂತು, ಎಲ್ಲಿಗೋ ಓಡುತ್ತಿದ್ದವು. ಖಾಲಿ ಕೋಣೆಯ ಗಡಿಯಾರದಲ್ಲಿ ಮುಳ್ಳು ಮೂರೂವರೆಗೆ ಬಂತು. ಕರೆಂಟ್ ಫೋನನ್ನು ಕಿವಿಗೆ ಒತ್ತಿಕೊಂಡು ಆ ತೆರೆದ ಬಾಗಿಲನ್ನೇ ನೋಡುತ್ತ ನಿಂತ.